ಬರ್ತೇನೆ ಎಂದು ಹೊರಟವರು

ನಾನು ನೋಡಿದ ದೇಶವೆಲ್ಲ ಹಿಂದಕ್ಕೆ ಸರಿಯುತ್ತಿದ್ದ ದೇಶ. ಬೈಕು ಓಡಿಸುವವನ ಬೆನ್ನಿಗೆ ಬೆನ್ನು ಕೊಟ್ಟು, ಹಿಂದಿನ ಸೀಟಿನಲ್ಲಿ ತಿರುಗಿ ಕೂತು ಕ್ಯಾಮೆರಾ ಹಿಡಿಯುವುದು ನನ್ನ ಕೆಲಸ. ಮುಂದೆ ಬರುವ ತಿರುವು, ಹೊಂಡ, ಸೇತುವೆ ಯಾವುದೂ ನನಗೆ ಕಾಣುವುದಿಲ್ಲ. ದಾಟಿ ಆದ ಮೇಲೆ, ಓಹೋ, ಇಷ್ಟು ದೊಡ್ಡ ಹೊಂಡವಿತ್ತೇ ಎಂದು ಗೊತ್ತಾಗುತ್ತದೆ. ಹೀಗೆ ಹಿಂದು ಮುಂದಾಗಿ ಕೂತುಕೊಂಡೇ ಐದು ಸಾಕ್ಷ್ಯಚಿತ್ರ ಮಾಡಿದ್ದೇವೆ. ಬೈಕಿನಲ್ಲಿ ತಿಂಗಳುಗಟ್ಟಲೆ ಹೋಗುವುದು, ಬಸ್ಸು ಸರಿಯಾಗಿ ಹೋಗದ ಮೂಲೆಗಳಲ್ಲಿ ದಾರಿಬದಿಗೆ ಬದುಕುವವರನ್ನು ಚಿತ್ರಿಸಿಕೊಂಡು ಬರುವುದು. ನೋಡುವವರು ಬೈಕು ನೋಡಲು ಬರುತ್ತಾರೆ, ನಾವು ಜನರನ್ನು ತೋರಿಸಿ ಕಳಿಸುತ್ತೇವೆ ಎಂದು ನಾನು ಅಲ್ಲಲ್ಲಿ ಹೇಳುವುದುಂಟು. ಹಾಗೆ ಹೇಳುವಾಗ ನನ್ನ ಕುತ್ತಿಗೆ ಸ್ವಲ್ಪ ಉದ್ದವಾಗುತ್ತದೆ ಎಂದು ನನ್ನ ಹೆಂಡತಿ ಹೇಳುವುದೂ ಉಂಟು.

ಬೈಕು ಓಡಿಸುವವನು ನನ್ನ ಸ್ನೇಹಿತ. ಕಡಬದಲ್ಲಿ ಅವನದೊಂದು ಗ್ಯಾರೇಜು. ನಾನು ಮಂಡೆಕೋಲಿನವನು; ಪುತ್ತೂರಿನಲ್ಲಿ ಮದುವೆ ವಿಡಿಯೋ ಮಾಡುತ್ತಿದ್ದವನು. ಈಗಲೂ ಮಾಡುತ್ತೇನೆ, ಏಕೆಂದರೆ ಸಾಕ್ಷ್ಯಚಿತ್ರದಿಂದ ಹೊಟ್ಟೆ ತುಂಬುವುದಿಲ್ಲ. ಅವನ ಮನೆಮಾತು ತುಳು, ನನ್ನದು ಅರೆಭಾಷೆ. ಇಬ್ಬರೂ ಸೇರಿದರೆ ತುಳುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತದೆ. ಜಗಳವಾದರೆ ಮಾತ್ರ ಅವರವರ ಮನೆಮಾತು. ಅವನದು ಮಾತು ಕಡಿಮೆ. ಇಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುವವನಿಗೆ ಮನುಷ್ಯರ ಸದ್ದು ಅಷ್ಟು ಮುಖ್ಯವೆನಿಸುವುದಿಲ್ಲವೋ ಏನೋ. ನನಗೆ ಮಾತೂ ಹೆಚ್ಚು, ಸಿಟ್ಟೂ ಹೆಚ್ಚು. ಶಾಟ್ ಹಾಳಾದರಂತೂ ಎದುರಿಗೆ ಯಾರಿದ್ದಾರೆಂದು ನೋಡುವವನಲ್ಲ. ಒಮ್ಮೆ ಒಂದು ಮದುವೆಯಲ್ಲಿ ಧಾರೆಯ ಹೊತ್ತಿಗೆ ಅಡ್ಡ ಬಂದ ಮದುಮಗನ ಸೋದರಮಾವನನ್ನೇ ಗದರಿಸಿದ್ದೆ. ಆ ಮನೆಯವರು ಎರಡನೇ ಮಗನ ಮದುವೆಗೆ ಬೇರೆಯವರನ್ನು ಕರೆದರು.

ಹಿಮ್ಮುಖವಾಗಿ ಕೂರುವುದನ್ನು ನಾವು ಅಭ್ಯಾಸ ಮಾಡಿದ್ದು ನೆಟ್ಟಣದ ಕಡೆಯ ಒಳದಾರಿಗಳಲ್ಲಿ. ಸೊಂಟಕ್ಕೆ ಎರಡು ಬೆಲ್ಟು. ಒಂದು ಅವನಿಗೆ ಕಟ್ಟಿದ್ದು, ಇನ್ನೊಂದು ಬೈಕಿನ ಕ್ಯಾರಿಯರಿಗೆ. ಭಾನುವಾರ ಬೆಳಿಗ್ಗೆ ಹೊರಟು, ಸುತ್ತಾಡಿ, ಗುಂಡ್ಯದ ಹೋಟೆಲಿನ ಎದುರು ಬಂದು ನಿಲ್ಲುತ್ತಿದ್ದೆವು. ಘಾಟಿ ಹತ್ತುವ ಮೊದಲು ಚಹಾಕ್ಕೆ ನಿಂತ ಲಾರಿ ಡ್ರೈವರುಗಳಿಗೆ ನಾವು ಪುಕ್ಕಟೆ ಮನರಂಜನೆ. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ ಒಂದೇ ಬೈಕಿನಲ್ಲಿ ಬಂದಿಳಿದ ಇಬ್ಬರನ್ನು ನೋಡಿ ಒಬ್ಬರು, ಎಂತ ಮಾರಾಯ್ರೆ, ಪಾಲಿನ ಜಗಳವಾ ಎಂದು ಕೇಳಿದ್ದರು. ಅಲ್ಲಿಂದ ಮೇಲೆ ಗುಂಡ್ಯದಲ್ಲಿ ನಮಗೆ ಪಾಲಿನವರು ಎಂದೇ ಹೆಸರು.

ಐದನೆಯ ಚಿತ್ರಕ್ಕೆ ಲಡಾಖಿನ ದಿಕ್ಕಿಗೆ ಹೋದೆವು. ಅಲ್ಲಿ ಒಂದು ಎತ್ತರದ ಕಣಿವೆ ದಾರಿಯ ಬುಡದಲ್ಲಿ, ಬೇಸಿಗೆಯ ನಾಲ್ಕೈದು ತಿಂಗಳು ಮಾತ್ರ ಕೆಲವು ಡೇರೆಗಳು ಏಳುತ್ತವೆ. ಸೊಂಟದೆತ್ತರಕ್ಕೆ ಕಲ್ಲು ಪೇರಿಸಿ, ಮೇಲೆ ಹಳೆಯ ಪ್ಯಾರಾಶೂಟಿನ ಬಟ್ಟೆ ಎಳೆದು ಕಟ್ಟಿದ ಡೇರೆಗಳು. ಲಾರಿಯವರು, ಬೈಕಿನವರು ಅಲ್ಲಿ ಉಂಡು, ಮಲಗಿ ಹೋಗುತ್ತಾರೆ. ಹಿಮ ಬೀಳುವ ಮೊದಲು ಡೇರೆಯವರು ಎಲ್ಲ ಮಡಚಿ ಕೆಳಗಿನ ಊರುಗಳಿಗೆ ಇಳಿಯುತ್ತಾರೆ. ಹಿಮ ಬಿದ್ದ ಮೇಲೆ ದಾರಿ ಮುಚ್ಚಿದರೆ ಆರು ತಿಂಗಳು ಅಲ್ಲಿ ನೊಣವೂ ಇರುವುದಿಲ್ಲ. ನಾವು ಉಳಿದುಕೊಂಡದ್ದು ಸಾಲಿನ ಕೊನೆಯ ಡೇರೆಯಲ್ಲಿ. ಅದನ್ನು ನಡೆಸುತ್ತಿದ್ದವರು ಎಪ್ಪತ್ತರ ಹತ್ತಿರದ ಒಬ್ಬರು. ನನ್ನ ಸ್ನೇಹಿತ ಅವರನ್ನು ಮೊದಲ ದಿನದಿಂದಲೇ ಅಜ್ಜ ಎಂದು ಕರೆದ. ಅವರಿಗೆ ಆ ಶಬ್ದ ಗೊತ್ತಿರಲಿಲ್ಲ, ಆದರೆ ಕರೆದರೆ ತಿರುಗುತ್ತಿದ್ದರು.

ಒಂದು ದಿನ ಇರಬೇಕೆಂದು ಹೋದವರು ಮೂರು ದಿನ ಉಳಿದೆವು. ಅಜ್ಜ ಅಷ್ಟು ಚೆನ್ನಾಗಿ ಮಾತಾಡುತ್ತಿದ್ದರು. ಕ್ಯಾಮೆರಾ ಎದುರಿಗಿದೆ ಎಂಬ ಬಿಗಿತವೇ ಇಲ್ಲ. ಹಿಟ್ಟು ನಾದುತ್ತಾ, ಸೀಮೆಎಣ್ಣೆ ಸ್ಟೌ ಪಂಪು ಮಾಡುತ್ತಾ ಹೇಳುತ್ತಾ ಹೋಗುವರು. ಪ್ರತಿ ವರ್ಷ ಎಲ್ಲರಿಗಿಂತ ಕೊನೆಗೆ ಡೇರೆ ಮಡಚುವುದು ತಾನೇ ಎಂದರು. ಏಕೆ ಎಂದು ಕೇಳಿದೆ. ಕೆಲವು ವರ್ಷಗಳ ಹಿಂದೆ ಒಬ್ಬ, ಮೇಲೆ ಹೋಗಿ ವಾಪಸು ಬರುತ್ತೇನೆಂದು ಹೇಳಿ ಹೋಗಿದ್ದನಂತೆ. ಉಳಿದವರೆಲ್ಲ ಮಡಚಿ ಇಳಿದರು. ಇವರು ಒಬ್ಬರೇ ಒಂಬತ್ತು ದಿನ ಕಾದರು. ಹತ್ತನೆಯ ದಿನ ಅವನು ಕಾಲು ಮುರಿದುಕೊಂಡು, ಕೋಲೂರಿಕೊಂಡು ಬಂದ. ಬರುತ್ತೇನೆ ಎಂದವನು ಬಂದಾಗ ಡೇರೆ ಇಲ್ಲದಿದ್ದರೆ ಅವನು ಎಲ್ಲಿ ಮಲಗಬೇಕು ಎಂದು ಅಜ್ಜ ನನ್ನನ್ನೇ ಕೇಳಿದರು. ನಾನು ಕ್ಯಾಮೆರಾವನ್ನು ಅವರ ಮುಖಕ್ಕೆ ಇನ್ನಷ್ಟು ಹತ್ತಿರ ಒಯ್ದೆ. ಒಳ್ಳೆಯ ಮಾತು ಸಿಕ್ಕಿತು ಎಂಬ ಖುಷಿಯಲ್ಲಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಹೊರಟೆವು. ನಾವು ಮುಂದಿನ ಕಣಿವೆಗೆ ಇಳಿದು, ಬೇರೆ ದಾರಿಯಿಂದ ಊರಿಗೆ ಮರಳುವವರು. ಮತ್ತೆ ಆ ಕಡೆ ಬರುವ ಮಾತೇ ಇರಲಿಲ್ಲ. ಬೈಕು ಚಾಲೂ ಆಗಿತ್ತು, ನಾನು ತಿರುಗಿ ಕೂತು ಬೆಲ್ಟು ಬಿಗಿದು ಕ್ಯಾಮೆರಾ ಹೆಗಲಿಗೇರಿಸಿದ್ದೆ. ನನ್ನ ಸ್ನೇಹಿತ ಹೆಲ್ಮೆಟ್ ಹಾಕಿಕೊಂಡು, ಮುಖ ಎದುರಿನ ದಾರಿಗೆ ಮಾಡಿ, ತನ್ನ ಹಿಂದಿಯಲ್ಲಿ ಕೂಗಿ ಹೇಳಿದ: "ಅಜ್ಜಾ, ಹಮ್ ಆತಾ ಹೈ."

ಇದು ಹಿಂದಿ ಅಲ್ಲ. ಇದು ನಮ್ಮೂರಿನ ಮಾತು, ಹಿಂದಿಯ ಅಂಗಿ ಹಾಕಿಕೊಂಡದ್ದು. ನಮ್ಮ ಕಡೆ ಯಾರೂ ಹೊರಡುವಾಗ ಹೋಗ್ತೇನೆ ಅನ್ನುವುದಿಲ್ಲ. ಕನ್ನಡದಲ್ಲಿ ಬರ್ತೇನೆ, ತುಳುವಿನಲ್ಲಿ ಬರ್ಪೆ. ಕುರ್ಚಿಯಿಂದ ಏಳುವಾಗ ಒಮ್ಮೆ, ಮೆಟ್ಟಿಲಲ್ಲಿ ಚಪ್ಪಲಿ ಹಾಕುವಾಗ ಒಮ್ಮೆ, ಗಾಡಿ ಚಾಲೂ ಮಾಡಿ ಇನ್ನೊಮ್ಮೆ. ಬಸ್ಸಿಳಿಯುವವರು ಪಕ್ಕದ ಸೀಟಿನವರಿಗೂ ಹೇಳುತ್ತಾರೆ, ಅವರನ್ನು ಜನ್ಮದಲ್ಲಿ ಇನ್ನೊಮ್ಮೆ ನೋಡುವುದಿಲ್ಲವೆಂದು ಗೊತ್ತಿದ್ದರೂ. ಕೇಳಿದವರು ಆಯ್ತು ಅನ್ನುತ್ತಾರೆ, ಮುಗಿಯಿತು. ಯಾರೂ ಚಹಾ ಕಾಯಿಸಿಟ್ಟು ಕಾಯುವುದಿಲ್ಲ.

ಅಜ್ಜ ಆಯ್ತು ಅನ್ನಲಿಲ್ಲ. ಬೈಕು ನಿಧಾನಕ್ಕೆ ಹೊರಟಿತು, ಅವರು ಡೇರೆಯ ಮುಂದಿನಿಂದ ನಮ್ಮ ಹಿಂದೆಯೇ ನಡೆಯುತ್ತಾ ಬಂದರು. ಕ್ಯಾಮೆರಾದ ಮೇಲಿನ ಉದ್ದ ಮೈಕು ತಾನು ಮುಖ ಮಾಡಿದ ಕಡೆಯದ್ದನ್ನೇ ಹೆಚ್ಚಾಗಿ ಹಿಡಿಯುತ್ತದೆ, ಹಿಂದಿನ ಇಂಜಿನ್ನಿನ ಸದ್ದು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಹಾಗಾಗಿ ನನ್ನ ಸ್ನೇಹಿತನಿಗೆ ಕೇಳದ ಮಾತು ನನ್ನ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ಯಾವಾಗ ಎಂದರು. ಇನ್ನೆರಡು ಹೆಜ್ಜೆ ಬಂದು, ಹಿಮ ಬೀಳುವ ಮೊದಲಾ ಎಂದು ಕೇಳಿದರು.

ನನಗೆ ಹಿಂದಿ ಸಾಕಷ್ಟು ಬರುತ್ತದೆ. ಅರ್ಥವಾಗಲಿಲ್ಲ ಎಂದು ಹೇಳುವ ಹಾಗಿಲ್ಲ. ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಬಿಸಿಲು ಆಗಷ್ಟೇ ಗುಡ್ಡದ ಅಂಚು ದಾಟಿ ಡೇರೆಯ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಅವರು ಅಲ್ಲೇ ನಿಂತು, ನಾವು ದೂರವಾಗುತ್ತಾ ಹೋದರೆ ಚಿತ್ರಕ್ಕೆ ಅದಕ್ಕಿಂತ ಒಳ್ಳೆಯ ಕೊನೆ ಸಿಗದು. ಅವರು ಹಿಂದೆ ಹಿಂದೆ ಬಂದರೆ ಶಾಟ್ ಕೆಟ್ಟಿತು. ಅವರು ನಿಲ್ಲಲಿ ಎಂದು ನಾನು ಅವರ ಮುಖ ನೋಡಿ, ಹೌದು ಎಂದು ಜೋರಾಗಿ ತಲೆಯಾಡಿಸಿದೆ. ಅವರು ನಿಂತರು. ಕೈ ಎತ್ತಿದರು. ಡೇರೆ, ಅಜ್ಜ, ಬಿಸಿಲು ಎಲ್ಲ ಸೇರಿ ಸಣ್ಣದಾಗುತ್ತಾ ಹೋಯಿತು. ಮೊದಲ ತಿರುವಿನಲ್ಲಿ ನಾನು ಸ್ನೇಹಿತನ ಬೆನ್ನಿಗೆ ಗುದ್ದಿ, ಸಿಕ್ಕಿತು ಮಾರಾಯ ಎಂದೆ. ಆ ತಲೆಯಾಡಿಸಿದ್ದು ಅದೇ ತಿರುವಿನಲ್ಲಿ ಮರೆತುಹೋಯಿತು.

ಊರಿಗೆ ಬಂದು ಎಡಿಟಿಂಗಿಗೆ ಕೂತೆ. ಪುತ್ತೂರಿನಲ್ಲಿ ಒಂದು ಟೈಲರ್ ಅಂಗಡಿಯ ಮಹಡಿಯ ಮೇಲೆ ನನ್ನ ಕೋಣೆ. ಕೆಳಗೆ ಮೂರು ಹೊಲಿಗೆ ಯಂತ್ರ ಒಟ್ಟಿಗೆ ಓಡಿದರೆ ಮೇಲೆ ನೆಲ ನಡುಗುತ್ತದೆ. ಹಿಂದಿ ಮಾತುಗಳಿಗೆ ಕನ್ನಡದಲ್ಲಿ ಅಡಿಬರಹ ಬರೆದುಕೊಡುವವರು ಪುತ್ತೂರಿನ ಒಂದು ಶಾಲೆಯ ಹಿಂದಿ ಟೀಚರ್. ಗಂಡ ಸೈನ್ಯದಲ್ಲಿದ್ದಾಗ ಉತ್ತರದಲ್ಲಿ ಬಹಳ ವರ್ಷ ಇದ್ದವರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬರುತ್ತಾರೆ, ಚೀಲದಿಂದ ಕನ್ನಡಕ ತೆಗೆಯುತ್ತಾರೆ, ಚಹಾ ಬೇಡ ಎನ್ನುತ್ತಾರೆ, ತಂದರೆ ಕುಡಿಯುತ್ತಾರೆ. ನಾನು ಎಷ್ಟೇ ಅವಸರ ಮಾಡಿದರೂ ಒಂದು ಶಬ್ದ ಬಿಡದೆ ಬರೆಯುವವರು.

ಅಕ್ಟೋಬರಿನ ಒಂದು ಶನಿವಾರ ಆ ಕೊನೆಯ ಶಾಟಿಗೆ ಬಂದೆವು. ಟೀಚರ್ ಅದನ್ನು ಮೂರು ಸಲ ಹಿಂದೆ ಮಾಡಿಸಿ ನೋಡಿದರು. ನಾನು ಮೆಚ್ಚುಗೆಗೆ ಕಾದು ಕೂತಿದ್ದೆ.

"ಇವರು ವಾಪಸ್ ಹೋಗ್ಲಿಕ್ಕೆ ಉಂಟಾ ಅಲ್ಲಿಗೆ?" ಎಂದು ಕೇಳಿದರು.

ಇಲ್ಲ ಎಂದೆ. ಹಾಗಾದರೆ ಆತಾ ಹೈ ಎಂದದ್ದು ಏಕೆ ಎಂದರು. ನಾನು ನಗುತ್ತಾ, ಅದು ನಮ್ಮ ಬರ್ತೇನೆಯ ಹಿಂದಿ ಎಂದೆ. ಟೀಚರಿಗೆ ನಗು ಬರಲಿಲ್ಲ. ಅವರು ಹೇಳಿದರು: "ಹಿಂದಿಯಲ್ಲಿ ಹೊರಡುವಾಗ ಚಲ್ತಾ ಹೂಂ ಅಂತ ಹೇಳುದು. ಆತಾ ಹೂಂ ಅಂದ್ರೆ ಬರ್ತೇನೆ ಅಂತಲೇ ಮಾರಾಯ್ರೆ. ಆ ಅಜ್ಜ ಹಾಗೇ ತಿಳ್ಕೊಂಡದ್ದು. ಅದಕ್ಕೇ ಯಾವಾಗ ಅಂತ ಕೇಳುದು."

ಆಮೇಲೆ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಅಜ್ಜ ಹಿಮ ಬೀಳುವ ಮೊದಲಾ ಎಂದು ಕೇಳಿದ ಕೂಡಲೇ ಚಿತ್ರ ಎರಡು ಸಲ ಕೆಳಗೆ ಮೇಲೆ ಕುಲುಕಿತ್ತು. ಕ್ಯಾಮೆರಾ ನನ್ನ ಹೆಗಲ ಮೇಲಿತ್ತಲ್ಲ, ತಲೆಯ ಜೊತೆ ಅದೂ ಆಡಿತ್ತು. ಇಲ್ಲಿ ಮಾತಿಲ್ಲ, ಆದರೆ ಅಜ್ಜ ಇದನ್ನು ನೋಡಿಯೇ ನಿಲ್ಲುವುದು, ಇದಕ್ಕೆ ಕೆಳಗೆ ಎಂತ ಬರೆಯುದು ಎಂದು ಟೀಚರ್ ಕೇಳಿದರು. ಗಾಳಿ, ಅಲ್ಲಿ ವಿಪರೀತ ಗಾಳಿ ಎಂದುಬಿಟ್ಟೆ. ಅವರು ನನ್ನನ್ನು ಒಂದು ಕ್ಷಣ ನೋಡಿ, ಆ ಜಾಗ ಖಾಲಿ ಬಿಟ್ಟು ಕನ್ನಡಕ ಒಳಗಿಟ್ಟರು.

ಅವರು ಹೋದ ಮೇಲೆ ನಾನು ಮೊದಲಿನ ಸಂದರ್ಶನ ಹಾಕಿ ನೋಡಿದೆ. ಬರುತ್ತೇನೆ ಎಂದವನು ಬಂದಾಗ ಡೇರೆ ಇಲ್ಲದಿದ್ದರೆ ಅವನು ಎಲ್ಲಿ ಮಲಗಬೇಕು. ಅದನ್ನು ಕತ್ತರಿಸಿ, ಜೋಡಿಸಿ, ಸಂಗೀತ ಹಾಕಿ ಅಷ್ಟು ಹೊತ್ತಿಗೆ ಐವತ್ತು ಸಲ ಕೇಳಿದ್ದೆ. ಆ ದಿನ ಮೊದಲ ಸಲ ಅದು ನನ್ನ ಬಗ್ಗೆ ಎಂದು ಹೊಳೆಯಿತು. ಅಕ್ಟೋಬರ್ ಬಂದಿದೆ, ಅಲ್ಲಿ ಹಿಮ ಬೀಳುವ ಹೊತ್ತು, ಆ ಮನುಷ್ಯ ನಮಗಾಗಿ ಡೇರೆ ಮಡಚದೆ ಕೂತಿದ್ದರೆ? ಇರಲಿಕ್ಕಿಲ್ಲ ಎಂದು ಎರಡು ದಿನ ಸಮಾಧಾನ ಮಾಡಿಕೊಂಡೆ. ಸಮಾಧಾನ ಆಗಲಿಲ್ಲ.

ಡೇರೆ ಇರುವಲ್ಲಿ ಫೋನು ಸಿಗುವುದಿಲ್ಲ. ಕೆಳಗಿನ ಪೇಟೆಯಲ್ಲಿ ನಾವು ಉಳಿದಿದ್ದ ಹೋಟೆಲಿನ ಮಾಲೀಕರ ನಂಬರ್ ಇತ್ತು. ಅವರಿಗೆ ಫೋನು ಮಾಡಿ ಅಜ್ಜನ ಡೇರೆಯ ವಿಚಾರ ಕೇಳಿದೆ. ಅವರು ಅಷ್ಟೇನೂ ಆತಂಕವಿಲ್ಲದೆ ಹೇಳಿದರು: ಎಲ್ಲ ಡೇರೆಗಳೂ ಇಳಿದಿವೆ, ಅದೊಂದು ಉಂಟು. ಮುದುಕನ ಮಗಳು ಎರಡು ಸಲ ಜನ ಕಳಿಸಿದ್ದಾಳೆ, ಅವನು ಬರುವುದಿಲ್ಲ ಅನ್ನುತ್ತಾನೆ, ಇಬ್ಬರು ಬರಲಿಕ್ಕಿದ್ದಾರಂತೆ. ಆ ಇಬ್ಬರು ನಾವೇ, ನಾವು ಬರುವುದಿಲ್ಲ, ದಯವಿಟ್ಟು ಹೇಳಿ ಕಳಿಸಿ ಎಂದು ಬೇಡಿಕೊಂಡೆ. ಅವರು ಮೇಲೆ ಹೋಗುವ ಒಂದು ಲಾರಿಯ ಡ್ರೈವರಿನ ಕೈಯಲ್ಲಿ ಹೇಳಿ ಕಳಿಸಿದರು. ಮೂರನೆಯ ದಿನ ಉತ್ತರ ಬಂತು. ಬರುತ್ತೇನೆ ಎಂದವರು ಬರುವುದಿಲ್ಲ ಎಂದು ಅವರೇ ಹೇಳಬೇಕು, ದಾರಿಯಲ್ಲಿ ಹೋಗುವವರ ಮಾತಿಗೆ ಡೇರೆ ಮಡಚಿದರೆ ನನ್ನ ಡೇರೆ ಯಾತಕ್ಕೆ ಎಂದಿದ್ದರಂತೆ.

ನಾನು ಸ್ಕೂಟರ್ ತೆಗೆದುಕೊಂಡು ಕಡಬಕ್ಕೆ ಹೋದೆ. ನನ್ನ ಸ್ನೇಹಿತ ಗ್ಯಾರೇಜಿನ ಎದುರು ಮೋಟು ಸ್ಟೂಲಿನಲ್ಲಿ ಕೂತು ಒಂದು ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದ. ಅವನಿಗೆ ಎಲ್ಲ ಹೇಳಿದೆ. ಆತಾ ಹೈಯ ಕಥೆ, ಟೀಚರ್ ಹೇಳಿದ್ದು, ಹೋಟೆಲಿನವರು ಹೇಳಿದ್ದು. ಅವನ ಮುಖ ಸಣ್ಣದಾಗುತ್ತಾ ಬಂತು. ತನ್ನಿಂದ ಆಯಿತಲ್ಲ ಎಂದ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನು ತಾನೇ ಆ ದಿನ ಸಂಜೆ ಹೊರಡುತ್ತಿದ್ದ, ನನಗೆ ಗೊತ್ತು. ಗ್ಯಾರೇಜಿಗೆ ಬೀಗ ಹಾಕಿ, ಎರಡು ಟ್ಯೂಬು, ಒಂದು ಚೈನು ಕಟ್ಟಿಕೊಂಡು ಬೈಕಿನಲ್ಲೇ ಹೋಗುತ್ತಿದ್ದ. ನಿಲ್ಲಿಸಿಬಿಡಲೇ ಎಂದು ನನಗೆ ಅನಿಸಿತು ಕೂಡ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ನನಗೆ ಕೇಳಿಸಿತ್ತು ಎಂದೆ. ಅವರು ಯಾವಾಗ ಎಂದು ಕೇಳಿದ್ದು, ಹಿಮದ ಮಾತು, ನಾನು ತಲೆಯಾಡಿಸಿದ್ದು, ಶಾಟಿಗಾಗಿ ಆಡಿಸಿದ್ದು, ಎಲ್ಲ ಹೇಳಿದೆ. ಅವನು ತೊಳೆಯುವುದನ್ನು ನಿಲ್ಲಿಸಲಿಲ್ಲ. ಸಣ್ಣ ತೂತುಗಳಿಗೆ ಬಾಯಿಂದ ಊದಿ, ಬಿಸಿಲಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಒರೆಸಿಟ್ಟ. ಅವನು ಬೈದಿದ್ದರೆ ನಾನೂ ಬಾಯಿ ಮಾಡಬಹುದಿತ್ತು, ಅದಕ್ಕೂ ಅವಕಾಶ ಕೊಡಲಿಲ್ಲ.

"ನಾನು ಗೊತ್ತಿಲ್ಲದೆ ಹೇಳಿದ್ದು," ಎಂದ ಕೊನೆಗೆ. "ನೀನು ಗೊತ್ತಿದ್ದು ಹೇಳಿದ್ದು. ನೀನೇ ಹೋಗಿ ಹೇಳ್ಬೇಕು ಮಾರಾಯ."

ಮರುದಿನ ಅವನೇ ನನ್ನನ್ನು ಬೈಕಿನಲ್ಲಿ ನೆಟ್ಟಣದ ಸ್ಟೇಷನ್ನಿಗೆ ಬಿಟ್ಟ. ನಾನು ಕ್ಯಾಮೆರಾ ತೆಗೆದುಕೊಂಡಿರಲಿಲ್ಲ; ಅವನೂ ಕೇಳಲಿಲ್ಲ. ಕ್ಯಾಮೆರಾ ಇಲ್ಲದ ಹೆಗಲು ನಿಜಕ್ಕೂ ಯಾರದೋ ಹೆಗಲಿನ ಹಾಗೆ ಇತ್ತು. ಮಂಗಳೂರಿನಿಂದ ಬಂದ ರೈಲು ನಿಂತಿತು. ಹತ್ತುವಾಗ ಅಭ್ಯಾಸಬಲದಿಂದ ಬರ್ತೇನೆ ಎಂದೆ. ಅವನು ಆಯ್ತು ಎಂದ. ಹೇಳಿದ ಮೇಲೆ ಇಬ್ಬರಿಗೂ ಅದು ಕೇಳಿಸಿತು. ಅವನು ಹೆಲ್ಮೆಟ್ಟಿನ ಪಟ್ಟಿ ಸರಿ ಮಾಡಿಕೊಳ್ಳುತ್ತಾ ಬೇರೆ ಕಡೆ ನೋಡಿದ. ರೈಲು ಘಾಟಿ ಹತ್ತಿತು. ಒಂದು ಸುರಂಗ ಮುಗಿದು ಇನ್ನೊಂದು ಬರುವುದರೊಳಗೆ ನಾನು ಅಜ್ಜನ ಎದುರು ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಹಿಂದಿಗೆ ಹಾಕುತ್ತಾ ಕೂತೆ. ಎಷ್ಟು ಸಲ ಹಾಕಿದರೂ ಅದು ನೆಪ ಹೇಳಿದ ಹಾಗೆಯೇ ಕೇಳುತ್ತಿತ್ತು.

ಬೆಂಗಳೂರು, ದೆಹಲಿ, ಅಲ್ಲಿಂದ ಬಸ್ಸು, ಬಸ್ಸಿನಿಂದ ಜೀಪು, ಕೊನೆಗೆ ದಿನಸಿ ಸಾಗಿಸುವ ಒಂದು ಲಾರಿ. ಲಾರಿಯಲ್ಲಿ ಡ್ರೈವರಿನ ಪಕ್ಕ ಕೂತು ನಾನು ಆ ದಾರಿಯನ್ನು ಮೊದಲ ಸಲ ಎದುರಿನಿಂದ ನೋಡಿದೆ. ಬೇರೆಯೇ ದಾರಿ ಅದು. ನಾನು ಚಿತ್ರಿಸಿದ ದಾರಿಯಲ್ಲಿ ಎಲ್ಲವೂ ಸಣ್ಣದಾಗುತ್ತಾ, ಶಾಂತವಾಗುತ್ತಾ ಹೋಗುತ್ತಿತ್ತು. ಇಲ್ಲಿ ಎಲ್ಲವೂ ದೊಡ್ಡದಾಗುತ್ತಾ ಮೈಮೇಲೆ ಬರುತ್ತಿತ್ತು. ಗುಡ್ಡಗಳ ತಲೆಯ ಮೇಲೆ ಆಗಲೇ ಬಿಳಿ ಇಳಿದಿತ್ತು. ಡ್ರೈವರ್ ಇನ್ನು ಎರಡು ಟ್ರಿಪ್ಪಿನಲ್ಲಿ ದಾರಿ ಮುಚ್ಚುತ್ತದೆ ಎಂದ. ಆ ಕೊನೆಯ ಶಾಟನ್ನು ಚಿತ್ರದಿಂದ ತೆಗೆಯುತ್ತೇನೆ ಎಂದು ನಾನು ನಿರ್ಧರಿಸಿದ್ದು ಆ ಲಾರಿಯಲ್ಲಿ. ಈಗ ಚಿತ್ರ ಬೇರೆ ಕಡೆ ಮುಗಿಯುತ್ತದೆ, ಅಷ್ಟು ಚೆನ್ನಾಗಿ ಮುಗಿಯುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ತಲುಪಿದೆ. ಉಳಿದ ಡೇರೆಗಳ ಜಾಗದಲ್ಲಿ ಕಲ್ಲಿನ ಗೋಡೆಗಳು ಮಾತ್ರ ಉಳಿದಿದ್ದವು. ಅಜ್ಜನ ಡೇರೆ ನಿಂತಿತ್ತು. ಒಳಗೆ ಎಲ್ಲ ಹಾಸಿಗೆಗಳನ್ನು ಸುತ್ತಿ ಕಟ್ಟಿ ಒಂದು ಬದಿಗೆ ಇಟ್ಟಿದ್ದರು, ಮೂರನ್ನು ಬಿಟ್ಟು. ಒಂದು ಅವರದ್ದು, ಎರಡು ನಮಗೆ. ಅದನ್ನು ನೋಡಿದಾಗ ನನಗೆ ಅಲ್ಲೇ ಭೂಮಿಗಿಳಿದು ಹೋಗಬೇಕು ಅನಿಸಿತು. ಅವರು ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ಬಂದೆಯಾ ಎಂದರು, ಸ್ಟೌ ಪಂಪು ಮಾಡಿದರು, ಇನ್ನೊಬ್ಬ ಎಲ್ಲಿ ಎಂದು ಕೇಳಿದರು.

ಅವನು ಬರುವುದಿಲ್ಲ, ನಾನೂ ಬರಬೇಕಾದವನಲ್ಲ ಎಂದು ಶುರು ಮಾಡಿದೆ. ನಮ್ಮೂರಿನ ಮಾತಿನ ಕ್ರಮ ವಿವರಿಸಿದೆ. ಹೊರಡುವಾಗ ನಾವು ಹೀಗೆ ಹೇಳುತ್ತೇವೆ, ಹೋಗುತ್ತೇನೆ ಎನ್ನುವುದು ಅಶುಭ, ಅದಕ್ಕೆ ಅವನು ಹಾಗೆಂದದ್ದು, ಅವನಿಗೆ ಹಿಂದಿ ಬರುವುದಿಲ್ಲ. ಅಜ್ಜ ಚಹಾ ಸೋಸುತ್ತಾ ಎಲ್ಲ ಕೇಳಿಸಿಕೊಂಡರು. ಆಮೇಲೆ ಕೇಳಿದರು.

"ಸರಿ. ನಿಮ್ಮಲ್ಲಿ ಹೋಗುವವರು ಬರ್ತೇನೆ ಅನ್ನುತ್ತಾರೆ. ನಿಜವಾಗಿ ಬರುವವರು ಏನನ್ನುತ್ತಾರೆ?"

ಅವರೂ ಬರ್ತೇನೆ ಅಂತಲೇ ಹೇಳುತ್ತಾರೆ ಎಂದೆ. ಮತ್ತೆ ಗೊತ್ತಾಗುವುದು ಹೇಗೆ ಎಂದರು. ಹುಟ್ಟಿದಂದಿನಿಂದ ಆ ಶಬ್ದ ಆಡುತ್ತಿರುವ ನಾನು ಅದನ್ನು ಎಂದೂ ಯೋಚಿಸಿರಲಿಲ್ಲ. ನಮಗೆ ಗೊತ್ತಾಗುತ್ತದೆ, ಅಷ್ಟೆ. ಉಳಿದದ್ದನ್ನೂ ಹೇಳಿ ಮುಗಿಸೋಣ ಎಂದು ತಲೆಯಾಡಿಸಿದ ವಿಷಯಕ್ಕೆ ಬಂದೆ. ನನಗೆ ಕೇಳಿಸಿತ್ತು, ನೀವು ನಿಂತುಕೊಳ್ಳಲಿ ಎಂದು ಹಾಗೆ ಮಾಡಿದೆ ಎಂದೆ. ಹೇಳುವಾಗ ಅವರ ಮುಖ ನೋಡಲಾಗಲಿಲ್ಲ, ಲೋಟವನ್ನು ನೋಡುತ್ತಾ ಹೇಳಿದೆ.

"ನಿನಗೆ ಕೇಳಿಸಿದ್ದು ಗೊತ್ತು," ಎಂದರು ಅಜ್ಜ. "ನಾನು ಕಾದದ್ದು ನಿನಗೇ. ಅವನು ಮುಖ ಆ ಕಡೆ ಮಾಡಿ ಹೇಳಿದ. ಮುಖ ಆ ಕಡೆ ಮಾಡಿ ಜನ ಏನೇನೋ ಹೇಳುತ್ತಾರೆ. ನೀನು ನನ್ನನ್ನು ನೋಡಿ ಹೇಳಿದೆ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಸ್ಟೌವಿನ ಹೊಗೆ ಎಂದು ಅವರೇ ಹೇಳಿ, ಬಾಗಿಲಿನ ಬಟ್ಟೆ ಎತ್ತಿ ಕಟ್ಟಿದರು. ಇಷ್ಟು ವರ್ಷ ಜನರ ಮುಖವನ್ನು ನೋಡುತ್ತಾ ಹೊರಟು 'ಸಿಕ್ಕಿತು' ಎಂದು ಖುಷಿಪಟ್ಟವನು ನಾನು. ಆ ಕಡೆಯಿಂದಲೂ ಒಬ್ಬರು ನನ್ನನ್ನು ನೋಡುತ್ತಿರುತ್ತಾರೆ ಎಂಬುದು ಇಷ್ಟು ಸರಳವಾದ ಸಂಗತಿ. ಯಾರಾದರೂ ಮೊದಲೇ ಹೇಳಿದ್ದರೆ, ಗೊತ್ತುಂಟು ಮಾರಾಯ್ರೆ ಎನ್ನುತ್ತಿದ್ದೆ.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿ ಡೇರೆ ಇಳಿಸಿದೆವು. ಪ್ಯಾರಾಶೂಟಿನ ಬಟ್ಟೆ ಮಡಚುವುದಕ್ಕೆ ಒಂದು ಕ್ರಮ ಉಂಟು, ನಡುವಿನಿಂದ ಅಂಚಿಗೆ. ನಾನು ಎರಡು ಸಲ ತಪ್ಪು ಮಡಚಿ ಬೈಸಿಕೊಂಡೆ. ಬೈಗುಳ ಬಹಳ ಹಿತವಾಗಿತ್ತು. ಅದೇ ಲಾರಿ ವಾಪಸು ಬರುವಾಗ ಹಾಸಿಗೆ, ಪಾತ್ರೆ, ಕಂಬಗಳನ್ನು ಏರಿಸಿ ಇಳಿದೆವು. ಅವರ ಮಗಳ ಊರಿನಲ್ಲಿ, ರಸ್ತೆಗೆ ತಾಗಿದ ಮನೆಯ ಎದುರು ಲಾರಿ ನಿಂತಿತು. ಸಾಮಾನೆಲ್ಲ ಇಳಿಸಿ ಒಳಗಿಟ್ಟೆ. ಮಗಳು ಒಂದು ಮುಷ್ಟಿ ಒಣಗಿಸಿದ ಏಪ್ರಿಕಾಟ್ ಹಣ್ಣನ್ನು ನನ್ನ ಜೇಬಿಗೆ ಹಾಕಿದಳು. ಡ್ರೈವರ್ ಹಾರ್ನ್ ಹೊಡೆದ.

ಅಜ್ಜ ಬಾಗಿಲಲ್ಲಿ ನಿಂತಿದ್ದರು. ನಾನು ಅವರ ಎದುರು ನಿಂತೆ. ಬರ್ತೇನೆ ಎನ್ನುವಂತಿಲ್ಲ, ಆ ಶಬ್ದವನ್ನು ಅವರೆದುರು ಇನ್ನೊಮ್ಮೆ ಆಡುವ ಯೋಗ್ಯತೆ ನನಗಿಲ್ಲ. ಹೋಗ್ತೇನೆ ಎನ್ನಲು ನಾಲಿಗೆ ಏಳುವುದಿಲ್ಲ. ಹಾಗೆ ಹೇಳಿ ಯಾರ ಮನೆಯಿಂದಲೂ ಹೊರಟವನಲ್ಲ. ಏನೂ ಹೇಳದೆ ಹೊರಡೋಣವೆಂದರೆ ನಮ್ಮಲ್ಲಿ ಹೇಳದೆ ಎದ್ದು ಬರುವುದು ಸಾವಿನ ಮನೆಯಿಂದ ಮಾತ್ರ. ಟೀಚರ್ ಹೇಳಿದ್ದ ಹಿಂದಿಯ ಮಾತು ನೆನಪಿತ್ತು, ಆದರೆ ಅದು ನನ್ನ ಬಾಯಲ್ಲಿ ಯಾರದೋ ಮಾತು. ಐವತ್ತು ದಾಟಿದ ಗಂಡಸು, ರಸ್ತೆ ಬದಿಯಲ್ಲಿ, ಹೊರಡಲು ಒಂದು ಶಬ್ದ ಸಿಗದೆ ನಿಂತುಬಿಟ್ಟೆ.

ಅಜ್ಜನಿಗೆ ಅರ್ಥವಾಯಿತು. ನನ್ನ ಹೆಗಲ ಮೇಲೆ ಕೈಯಿಟ್ಟು, ಅವರೇ ಹೇಳಿದರು.

"ಜಾವೋ." ಹೋಗು ಎಂದು.

ನಮ್ಮ ಕಡೆ ಬಂದವರಿಗೆ ಹೋಗು ಎಂದರೆ ಅವರು ಜನ್ಮದಲ್ಲಿ ಮತ್ತೆ ಆ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅಜ್ಜ ಹೇಳಿದಾಗ ಎದೆಯ ಮೇಲಿನಿಂದ ಯಾರೋ ಕಲ್ಲು ಎತ್ತಿದ ಹಾಗಾಯಿತು. ನಾನು ಹೋಗಿ ಲಾರಿ ಹತ್ತಿದೆ. ಕೂತು, ಕನ್ನಡಿಯಲ್ಲಿ ನೋಡಿದೆ. ಅವರು ಅಲ್ಲಿರಲಿಲ್ಲ, ಆಗಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದರು. ಇನ್ನು ನನ್ನನ್ನು ಅಲ್ಲಿ ಯಾರೂ ಕಾಯುತ್ತಿಲ್ಲ ಎಂದು ಸಮಾಧಾನವಾಯಿತು. ಅದೇ ಕಾರಣಕ್ಕೆ ದುಃಖವೂ ಆಯಿತು.